ಪರಸೂ ಸಿಸ್ಟರ್

"ಏ ನಿಲ್ಲಸ್ರಿ! ಆ ಕಾಕಾನ್ನ ಹೊರಗ ಕಳಸಿದವರು ಯಾರು?"

ಕಾರಿಡಾರಿನ ಆ ತುದಿಯಿಂದ ಬಂದ ದನಿಗೆ ಮನಿಷಾಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಬೀದರಿನಲ್ಲಿ ನರ್ಸಿಂಗ್ ಮುಗಿಸಿ ಜಹೀರಾಬಾದಿನ ಈ ಮೂವತ್ತು ಹಾಸಿಗೆಯ ಆಸ್ಪತ್ರೆಗೆ ಸೇರಿ ಅವತ್ತಿಗೆ ಅವಳಿಗೆ ಒಂಬತ್ತನೇ ದಿನ. ಬಿಳಿ ಕೋಟಿನ ಇಸ್ತ್ರಿಯ ಮಡಿಕೆ ಕೂಡ ಇನ್ನೂ ಹೋಗಿರಲಿಲ್ಲ.

"ನಾ... ನಾನೇರಿ. ಗಾಯ ತೊಳದು ಪಟ್ಟಿ ಕಟ್ಟೀನಿ..."

"ಟಿಟಿ ಸೂಜಿ?"

"ಪರಸೂನೇ ಹಾಕಿಸಿಕೊಂಡೀನಿ ಅಂದ್ರು. ಅದಕ್ಕ ಬ್ಯಾಡ ಅಂತ ಬರದೀನ್ರಿ."

ಎದುರಿಗೆ ನಿಂತವನು ಹಿರಿಯ ನರ್ಸ್ ಸಾಯಿಕುಮಾರ. ಅವಳನ್ನೊಮ್ಮೆ, ಅವಳ ಕೈಯಲ್ಲಿದ್ದ ಚೀಟಿಯನ್ನೊಮ್ಮೆ ನೋಡಿದ. ಮರುಗಳಿಗೆ ಗೇಟಿನ ಕಡೆ ಓಡಿಯೇಬಿಟ್ಟ. ಆಟೋದಲ್ಲಿ ಒಂದು ಕಾಲಿಟ್ಟಿದ್ದ ಗಂಗಾರಾಮ ಎಂಬ ರೈತನನ್ನು ತೋಳು ಹಿಡಿದು ಕರೆದುಕೊಂಡು ಬಂದ. ಕುಡುಗೋಲು ತಾಗಿದ್ದ ಅವನ ಅಂಗೈಗೆ ಮನಿಷಾ ಕಟ್ಟಿದ ಪಟ್ಟಿ ಬೆಳ್ಳಗೆ ಅಚ್ಚುಕಟ್ಟಾಗಿತ್ತು.

"ಕಾಕಾ, ಸೂಜಿ ಯಾವಾಗ ಹಾಕಿಸಿಕೊಂಡ್ರಿ?"

"ಈ ಹುಡುಗಿಗಿ ಹೇಳೀನಲ್ಲಪ್ಪ, ಪರಸೂ!"

"ಯಾಕ ಹಾಕಿದ್ರು?"

"ಮಗಳ ಲಗ್ನದ ಹಂದರ ಬಿಚ್ಚುವಾಗ ಮೊಳಿ ಚುಚ್ಚಿತ್ತು."

"ಆ ಮಗಳಿಗಿ ಈಗ ಮಕ್ಕಳೆಷ್ಟು?"

"ಇಬ್ಬರು. ದೊಡ್ಡಾಂವ ಐದನೇತ್ತ ಓದ್ತಾನ!" ಮೊಮ್ಮಗನ ನೆನಪಿಗೆ ಗಂಗಾರಾಮನ ಮುಖ ಅರಳಿತು.

ಬೆಂಚಿನ ಮೇಲೆ ಕುಳಿತವರು, ಆಯಾ ಮಾಳಮ್ಮ, ಔಷಧಿ ಕೌಂಟರಿನವನು... ಎಲ್ಲರೂ ಗೊಳ್ಳೆಂದು ನಕ್ಕರು.

ಮನಿಷಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಗಡಿಯ ಕಂಗ್ಟಿಯಲ್ಲಿ, ಅವಳ ಮನೆಯಲ್ಲಿ, ಪರಸೂ ಎಂದರೆ ಲೆಕ್ಕಕ್ಕೆ ಎರಡೇ ದಿನ, ಹಿಂದಾದರೆ ಮೊನ್ನೆ, ಮುಂದಾದರೆ ನಾಡಿದ್ದು. ಆದರೆ ಜಹೀರಾಬಾದಿನ ಬಜಾರಿನ ದಖನಿ ಉರ್ದುವಿನಲ್ಲಿ ಆ ಮಾತಿಗೆ ಲಂಗುಲಗಾಮಿಲ್ಲ. ಎರಡು ದಿನವೂ ಪರಸೂ, ಹನ್ನೆರಡು ವರ್ಷವೂ ಪರಸೂ! ಎರಡೂ ಕಡೆಯವರಿಗೆ ಮಾತು ಗೊತ್ತು. ಗೊತ್ತಿರುವುದರಿಂದಲೇ ಯಾರೂ ತಿರುಗಿ ಕೇಳುವುದಿಲ್ಲ.

"ನಗಾಕ ಏನಾಗ್ಯದ?" ಸಾಯಿಕುಮಾರ ಗದರಿದ. "ಧನುರ್ವಾತ ಆದ್ರ ಮನುಷ್ಯ ಕೈಗಿ ಸಿಗಾಂಗಿಲ್ಲ. ಇದು ನಗೋ ಮಾತಲ್ಲ."

ಅವನು ಗದರಿದ್ದು ನಕ್ಕವರನ್ನು. ತಲೆ ತಗ್ಗಿಸಿ ನಿಂತಿದ್ದ ಮನಿಷಾ ಅದನ್ನು ನೋಡಲಿಲ್ಲ. ಆ ಮಾತು ತನಗೇ ಹೇಳಿದ್ದು ಎಂದುಕೊಂಡಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅವಳಿಗೆ ಹೊಸ ಹೆಸರು ಬಿದ್ದಿತ್ತು. ಪರಸೂ ಸಿಸ್ಟರ್! ಆಸ್ಪತ್ರೆಯಲ್ಲಿ ಅಡ್ಡಹೆಸರು ಹರಡುವಷ್ಟು ಬೇಗ ಜ್ವರವೂ ಹರಡುವುದಿಲ್ಲ ನೋಡಿ.

* * *

ಅವತ್ತಿನಿಂದ ಮನಿಷಾ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಲಿಲ್ಲ. ಒಂದು ಚಿಕ್ಕ ಪುಸ್ತಕ ಕೊಂಡು ಎಲ್ಲವನ್ನೂ ತಾರೀಖು ಹಾಕಿ ಬರೆಯತೊಡಗಿದಳು. ಆದರೆ ಹಳ್ಳಿಯಿಂದ ಬಂದವರಿಗೆ ತಾರೀಖು ಎಲ್ಲಿ ನೆನಪಿರುತ್ತದೆ?

ಆಗ ಅವಳಿಗೆ ಅಪ್ಪ ಧರ್ಮಣ್ಣ ನೆನಪಾದ. ಕುರಿ ಕಾಯುವ ಅಪ್ಪ ಎಂದೂ ತಿಂಗಳ ಹೆಸರು ಹೇಳಿದವನಲ್ಲ. 'ಉಣ್ಣಿ ಕತ್ತರಿಸೋಕಿಂತ ಮೊದಲು', 'ಮರಿ ಹಾಕಿದ ಮ್ಯಾಲ'. ಅದೇ ಅವನ ಕ್ಯಾಲೆಂಡರು. ಅವಳೂ ಹಾಗೆಯೇ ಕೇಳತೊಡಗಿದಳು.

"ಅವ್ವಾ, ಆ ಜ್ವರ ಬಂದಾಗ ಹೊಲದಾಗ ಏನಿತ್ತು? ತೊಗರಿ ಹೂವಾಗಿತ್ತೇನು?"

ಉತ್ತರ ಸಿಗುತ್ತಿತ್ತು. ಆದರೆ ಹೊತ್ತು ಹಿಡಿಯುತ್ತಿತ್ತು. ಇನ್ನೊಬ್ಬರು ಮೂರು ಜನರನ್ನು ನೋಡಿ ಕಳಿಸುವಷ್ಟರಲ್ಲಿ ಇವಳಿಂದ ಒಬ್ಬರದಷ್ಟೇ ಆಗುತ್ತಿತ್ತು. ಸಾಲದ್ದಕ್ಕೆ ಕೈ ನಡುಗತೊಡಗಿತು. ಕಾಲೇಜಿನಲ್ಲಿ ಕಣ್ಣು ಮುಚ್ಚಿ ಸಲೈನ್ ಸೂಜಿ ಹಾಕುತ್ತಿದ್ದವಳು, ಈಗ ಒಬ್ಬ ಅಜ್ಜಿಗೆ ಎರಡು ಸಲ ಚುಚ್ಚಿದರೂ ನರ ಸಿಗದೆ ಕಣ್ಣೀರು ತಂದುಕೊಂಡಳು.

"ಹುಡುಗಿ ಛಲೋ ಅದಾಳ ಧಮ್ಮಶೀಲಾ, ಸುಳ್ಳು ಯಾಕ ಹೇಳ್ಲಿ?" ವಾರ್ಡಿನ ಮುಖ್ಯಸ್ಥೆ ಪಾರ್ವತಿಬಾಯಿ ಡ್ಯೂಟಿ ರೂಮಿನಲ್ಲಿ ಹೇಳುತ್ತಿದ್ದಳು. "ಆದ್ರ ಆಕೀನ ಒಬ್ಬಾಕಿನ್ನೇ ಬಿಡಾಕ ನನಗ ಅಂಜಿಕಿ ಬರ್ತದ."

"ನನಗೂ ಹಂಗೇ ಆಗ್ತದ್ರಿ," ಜೊತೆಯ ನರ್ಸ್ ಧಮ್ಮಶೀಲಾ ಅಂದಳು. "ಹತ್ತು ಸಲ ಕೇಳ್ತಾಳ. ತನಗೇ ತನ್ನ ಮ್ಯಾಲ ಭರೋಸಾ ಇಲ್ಲ."

ಟ್ರೇ ಹಿಡಿದು ಬಾಗಿಲ ಹೊರಗೆ ನಿಂತಿದ್ದ ಮನಿಷಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು!

'ಅವರು ಅನ್ನೋದು ಖರೇನೇ ಅದ... ನಾನು ಈ ಕೆಲಸಕ್ಕ ಲಾಯಕ್ಕಿಲ್ಲೇನೋ...'

ಅದೇ ದಿನ ಊಟದ ವೇಳೆಯಲ್ಲಿ ಅವಳು ಇಂಜೆಕ್ಷನ್ ರೂಮಿನಲ್ಲಿ ಒಬ್ಬಳೇ ಕುಳಿತಿದ್ದಾಗ ಸಾಯಿಕುಮಾರ ಒಳಗೆ ಬಂದ. ಸ್ಟೂಲು ಎಳೆದು ಎದುರು ಕುಳಿತ. ಅಂಗಿಯ ತೋಳು ಮಡಚಿ ಕೈ ಚಾಚಿದ.

"ಹಚ್ಚರಿ."

"ಏನ್ರಿ?"

"ಸೂಜಿ. ನನ್ನ ಕೈಗಿ ಹಚ್ಚರಿ."

"ಹುಚ್ಚರ ಹಂಗ ಮಾತಾಡಬ್ಯಾಡ್ರಿ ಬ್ರದರ್!"

"ಕಲಹೇರಿನ ಒಕ್ಕಲಿಗನ ಕೈ ಇದು, ಎರಡು ಸಲ ತಪ್ಪಿದ್ರೂ ಅಳಾಂಗಿಲ್ಲ. ನರ ಕಣ್ಣಿಂದ ಹುಡುಕಬ್ಯಾಡ್ರಿ. ಬೆರಳು ಇಟ್ಟು ನೋಡ್ರಿ. ಅದೇ ಹೇಳ್ತದ, ಇಲ್ಲಿದ್ದೀನಿ ಅಂತ."

ಅವಳು ಬೆರಳಿಟ್ಟಳು. ಚರ್ಮದ ಕೆಳಗೆ ಬೆಚ್ಚಗೆ, ಮೆತ್ತಗೆ ನರ ಸಿಕ್ಕಿತು. ಸೂಜಿ ಒಂದೇ ಸಲಕ್ಕೆ ಒಳಗೆ ಹೋಯಿತು. ಕೆಂಪಗೆ ರಕ್ತ ಕಂಡಿತು.

"ಆತು ನೋಡ್ರಿ!" ಅವನು ನಕ್ಕ. "ಕೈ ನಡುಗಿಲ್ಲ. ನಡುಗೋದು ಬ್ಯಾರೆ ಎಲ್ಲೋ ಅದ."

ಎಲ್ಲಿ ನಡುಗುತ್ತಿತ್ತೋ ಅವಳಿಗೇ ಗೊತ್ತು! ಅವನ ಕೈಗೆ ಹತ್ತಿ ಒತ್ತಿ ಹಿಡಿದ ಅವಳ ಬೆರಳು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಿತ್ತು. ಅವನೂ ಕೈ ಎಳೆದುಕೊಳ್ಳಲಿಲ್ಲ.

ಆಸ್ಪತ್ರೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೆಣ್ಣು ನರ್ಸ್ ಸಿಸ್ಟರ್, ಗಂಡು ನರ್ಸ್ ಬ್ರದರ್. ಎಂಬತ್ತು ವರ್ಷದ ಅಜ್ಜಿಗೂ ಅವನು ಸಾಯಿ ಬ್ರದರ್, ಡಾಕ್ಟರಿಗೂ ಸಾಯಿ ಬ್ರದರ್. ಆ ಮಧ್ಯಾಹ್ನದ ನಂತರ ಒಬ್ಬಳಿಗೆ ಮಾತ್ರ ಆ ಪದ ಬಾಯಿಗೇ ಬರದಾಯಿತು. 'ಕೇಳ್ರಿ', 'ಇಲ್ನೋಡ್ರಿ' ಎಂದೇ ಸಾಗಿಸಿದಳು.

* * *

ಮೂರು ವಾರ ಹೀಗೇ ಕಳೆದವು. ಒಂದು ಮಂಗಳವಾರ ಸಾಯಿಕುಮಾರ ಬ್ಯಾಗು ಹೆಗಲಿಗೇರಿಸಿ ಅವಳನ್ನು ಹುಡುಕಿಕೊಂಡು ಬಂದ.

"ತಾಂಡೂರಿನ ನಮ್ಮ ದವಾಖಾನಿದಾಗ ಇಬ್ಬರು ರಜಾ ಹಾಕ್ಯಾರಂತ. ಹೋಗಿ ಬಾ ಅಂದಾರ." ಸ್ವಲ್ಪ ತಡೆದು ಹೇಳಿದ, "ನಿಮಗೊಂದು ಮಾತು ಹೇಳೋದದ. ಫೋನಿನಾಗ ಹೇಳೋದಲ್ಲ. ಪರಸೂ ಬಂದು ಹೇಳ್ತೀನಿ."

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಓಡಿದ.

'ಏನಿರಬಹುದು ಆ ಮಾತು...?' ನಿಮಗೂ ನನಗೂ ಹೊಳೆದದ್ದೇ ಅವಳಿಗೂ ಹೊಳೆದಿತ್ತು. ಗುರುವಾರ ಹೊಸ ಚೂಡಿದಾರ ತೊಟ್ಟಳು. ಗೇಟಿನಲ್ಲಿ ಸದ್ದಾದಾಗಲೆಲ್ಲ ತಲೆ ಎತ್ತಿದಳು. ಸಂಜೆಯಾಯಿತು. ಅವನು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಜರಿ ಪುಸ್ತಕ ಹುಡುಕುವಾಗ ಪಾರ್ವತಿಬಾಯಿಯ ಮೇಜಿನ ಮೇಲೆ ತನ್ನ ಹೆಸರಿನ ಫೈಲು ತೆರೆದೇ ಇತ್ತು. ಒಳಗೆ ಒಂದು ಹಾಳೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಹೊಸ ನರ್ಸ್ ಮನಿಷಾಳನ್ನು ಇನ್ನೂ ಆರು ವಾರ ವಾರ್ಡಿನಲ್ಲಿ ಒಬ್ಬಳನ್ನೇ ಬಿಡುವುದು ರೋಗಿಗಳಿಗೆ ಕ್ಷೇಮವಲ್ಲ. ಗಂಗಾರಾಮನ ವಿಷಯವನ್ನೂ ಅದರಲ್ಲಿ ನಮೂದಿಸಲಾಗಿತ್ತು.

ಕೆಳಗೆ ಸಹಿ. ಸಾಯಿಕುಮಾರ. ತಾರೀಖು, ಅವನು ತಾಂಡೂರಿಗೆ ಹೊರಟ ಮಂಗಳವಾರದ್ದೇ!

ಅವಳು ಆ ತಾರೀಖನ್ನು ಮತ್ತೊಮ್ಮೆ ಓದಿದಳು.

"ಸಾಯಿ ಬ್ರದರ್ ಬರದು ಕೊಟ್ಟು ಹೋಗ್ಯಾನ," ಹಿಂದಿನಿಂದ ಬಂದ ಧಮ್ಮಶೀಲಾ ಮೆಲ್ಲಗೆ ಹೇಳಿದಳು. "ಮನಸ್ಸಿಗಿ ಹಚ್ಚಿಕೋಬ್ಯಾಡ ತಂಗಿ..."

ಮನಸ್ಸಿಗೆ ಹಚ್ಚಿಕೊಳ್ಳದೆ ಇರುವುದು ಹೇಗೆ? ಬೇರೆ ಯಾರೇ ಬರೆದಿದ್ದರೂ ನುಂಗಿಕೊಳ್ಳುತ್ತಿದ್ದಳು. ಕೈ ಚಾಚಿ 'ಹಚ್ಚರಿ' ಎಂದವನು... 'ಕೈ ನಡುಗಿಲ್ಲ' ಎಂದವನು... ಅವನೇ!

ಮಧ್ಯಾಹ್ನ ಅವನ ಫೋನ್ ಬಂತು. ಕತ್ತರಿಸಿದಳು. ಮತ್ತೆ ಬಂತು. ಆ ನಂಬರನ್ನೇ ಬ್ಲಾಕ್ ಮಾಡಿದಳು. ಬಳಿಕ ಒಂದು ಬಿಳಿ ಹಾಳೆ ತೆಗೆದು ಕೆಲಸ ಬಿಡುವ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು. ತಿಂಗಳು ಮುಗಿದ ದಿನ ಕೊಟ್ಟು, ನಾರಾಯಣಖೇಡದ ಬಸ್ಸು ಹತ್ತಿ ಕಂಗ್ಟಿ ಸೇರಿದರಾಯಿತು. ಕುರಿಗಳಾದರೂ ಅಡ್ಡಹೆಸರಿಡುವುದಿಲ್ಲ.

ಪರಸೂ ಕಳೆದು ವಾರವಾಯಿತು. ಎರಡು ವಾರವಾಗುತ್ತ ಬಂತು.

* * *

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಅಂದು ಬೆಳಿಗ್ಗೆ ಪಸ್ತಾಪುರದಿಂದ ಬಾಳಮ್ಮನನ್ನು ಕರೆತಂದರು. ಮಹಿಳಾ ಸಂಘದಲ್ಲಿ ಸಿರಿಧಾನ್ಯ ಬೆಳೆಯುವ ಗಟ್ಟಿ ಜೀವ. ಈಗ ಜ್ವರ, ಕೆಮ್ಮು, ಎದೆಯಲ್ಲಿ ಗೊರಗೊರ. ಡಾಕ್ಟರ್ ಹಣಮಂತರಾಯರು ಪರೀಕ್ಷಿಸಿ ಪೆನ್ಸಿಲಿನ್ ಜಾತಿಯ ಸೂಜಿ ಬರೆದರು. ಸೂಜಿ ಯಾವುದಾದರೂ ಆಗಿಬರುವುದಿಲ್ಲವೇ ಎಂದು ಕೇಳಿದಾಗ ಸೊಸೆ ಶಿವಲಕ್ಷ್ಮಿ ಹಾಗೇನೂ ಇಲ್ಲವೆಂದಳು. ಧಮ್ಮಶೀಲಾ ಹಾಗೆಯೇ ಬರೆದುಕೊಂಡಳು. ಟೆಸ್ಟ್ ಡೋಸಿಗೆ ಸೂಜಿಯೂ ತಯಾರಾಯಿತು.

ಮನಿಷಾಳ ಕೆಲಸ ಕೈ ಹಿಡಿದು ನಿಲ್ಲುವುದಷ್ಟೇ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಅವ್ವಾ, ಎಂದಾದ್ರೂ ಸೂಜಿ ಹಾಕಿದ ಮ್ಯಾಲ ಮೈ ಮ್ಯಾಲ ದದ್ದು ಎದ್ದಿದ್ದವೇನು?"

ಬಾಳಮ್ಮ ಕಣ್ಣು ತೆರೆದಳು. "ಹೂಂ... ಪರಸೂ ಎದ್ದಿದ್ದವು."

"ಮೊನ್ನಿ ಏನೂ ಆಗಿಲ್ರಿ ಸಿಸ್ಟರ್," ಶಿವಲಕ್ಷ್ಮಿ ಅಡ್ಡ ಬಂದಳು. "ಜ್ವರದಾಗ ಅತ್ತಿ ಹಂಗೇ ಬಡಬಡಸ್ತಾಳ."

"ಮನಿಷಾ, ಹೊರಗ ಹದಿನೆಂಟು ಮಂದಿ ಕುಂತಾರ!" ಪಾರ್ವತಿಬಾಯಿಯ ದನಿ ಬಿಗಿಯಾಯಿತು.

ಪರಸೂ! ಆ ಪದ ಕಿವಿಗೆ ಬಿದ್ದಿದ್ದೇ ತಡ, ಅವಳ ಮೈಯೆಲ್ಲ ಎಚ್ಚರವಾಯಿತು. ಧಮ್ಮಶೀಲಾಳ ಸೂಜಿ ಹಿಡಿದ ಕೈಗೆ ಅಡ್ಡವಾಗಿ ತನ್ನ ಕೈ ಇಟ್ಟಳು.

"ಒಂದು ನಿಮಿಷ ಅಕ್ಕಾ, ಒಂದೇ ನಿಮಿಷ!" ಎಂದು ಬಾಳಮ್ಮನ ಮುಖದ ಹತ್ತಿರ ಬಾಗಿದಳು. "ಅವ್ವಾ, ಆ ಪರಸೂನಾಗ ಹೊಲದಾಗ ಏನಿತ್ತು?"

"ನವಣಿ... ನವಣಿ ಕೊಯ್ಯಾಕ ಹತ್ತಿದ್ದೆವು."

ಕಿಟಕಿಯ ಹೊರಗೆ ಚಳಿ ಕಡಿಮೆಯಾಗುತ್ತಿದ್ದ ದಿನಗಳ ಬಿಸಿಲು. ನವಣೆ ಕೊಯ್ದು ನಾಲ್ಕೈದು ತಿಂಗಳೇ ಆಗಿರಬೇಕು.

"ಈ ವರ್ಷದ ನವಣಿ ಏನವ್ವಾ?"

"ಅಲ್ಲವ್ವ... ನಮ್ಮ ಸಂಘದ ಬೀಜದ ಮನಿ ಕಟ್ಟಿದ ವರ್ಷ. ಈಕಿ ಇನ್ನಾ ಸೊಸಿಯಾಗಿ ಬಂದಿದ್ದಿಲ್ಲ. ಹಿಂಗೇ ಕೆಮ್ಮಿತ್ತು. ಸೂಜಿ ಹಾಕಿದ್ರು... ತುಟಿ ಊದಿ ಬಂತು. ಉಸರು ನಿಂತಂಗಾಗಿತ್ತು. ಬದುಕಿದ್ದೇ ಹೆಚ್ಚು."

ಧಮ್ಮಶೀಲಾ ಸೂಜಿಯನ್ನು ಮೆಲ್ಲಗೆ ಟ್ರೇಗೆ ಇಟ್ಟಳು. ಅವಳ ಕೈ ನಡುಗುತ್ತಿತ್ತು. ಮನಿಷಾಳದು ನಡುಗುತ್ತಿರಲಿಲ್ಲ.

ಹಣಮಂತರಾಯರು ಬಂದು ಎಲ್ಲ ಕೇಳಿ, ಬರೆದ ಔಷಧಿಗೆ ಗೀಟು ಹಾಕಿ ಬೇರೆಯದನ್ನು ಬರೆದರು. "ಆ ಪ್ರಶ್ನೆ ಕೇಳಿದವರು ಯಾರು?" ಎಂದಾಗ ಪಾರ್ವತಿಬಾಯಿಯೇ ಹೇಳಿದಳು. "ನಮ್ಮ ಮನಿಷಾರಿ."

ಪರಸೂ ಸಿಸ್ಟರ್ ಅನ್ನಲಿಲ್ಲ!

ಆಮೇಲೆ ಡ್ಯೂಟಿ ರೂಮಿಗೆ ಕರೆದು ಪಾರ್ವತಿಬಾಯಿ ಫೈಲು ತೆಗೆದಳು. "ಈ ಕಾಗದ ಹರದು ಹಾಕ್ತೀನಿ. ಇನ್ನ ಇದು ಬ್ಯಾಡ."

ಮನಿಷಾ ಬಹಳ ಹೊತ್ತು ಆ ಎರಡು ಸಾಲನ್ನು ನೋಡಿದಳು. ಇಂದು ಒಂದು ಮಾತು ತಪ್ಪಿದ್ದರೆ ಬಾಳಮ್ಮ... ಗಂಗಾರಾಮನೂ ಹಾಗೇ ಅಲ್ಲವೇ? ಅವತ್ತು ಅವನನ್ನು ಗೇಟಿನಲ್ಲಿ ಹಿಡಿದು ತರದಿದ್ದರೆ?

"ಹರೀಬ್ಯಾಡ್ರಿ ಮೇಡಂ," ಎಂದಳು. "ಅದರಾಗ ಸುಳ್ಳು ಬರದಿಲ್ಲ. ಇನ್ನಾ ನಾಲ್ಕು ವಾರ ಉಳದಾವ. ಯಾರರ ಜೊತಿಗಿ ಇದ್ದೇ ಕಲೀತೀನಿ."

ಹೊರಗೆ ಬಂದು ಬ್ಯಾಗಿನಲ್ಲಿದ್ದ ಅರ್ಜಿಯನ್ನು ಹರಿದಳು. ಮನಸ್ಸು ಹಗುರಾಯಿತು. ಆದರೂ ಒಂದು ಮುಳ್ಳು ಅಲ್ಲೇ ಇತ್ತು. ಬರೆದದ್ದು ಸರಿ. ಒಂದು ಮಾತು ಹೇಳಿ ಬರೆಯಬಾರದಿತ್ತೇ?

* * *

ಮರುದಿನ ಮಧ್ಯಾಹ್ನ ಅವಳು ಇಂಜೆಕ್ಷನ್ ರೂಮಿನಲ್ಲಿ ಹತ್ತಿ ಮಡಚುತ್ತಿದ್ದಳು. ಬಾಗಿಲಲ್ಲಿ ನೆರಳಾಯಿತು. ತಲೆ ಎತ್ತಿದಳು.

ಸಾಯಿಕುಮಾರ! ಹೆಗಲಲ್ಲಿ ಅದೇ ಬ್ಯಾಗು, ಅಂಗಿಯೆಲ್ಲ ಧೂಳು. ಬಸ್ಸಿಳಿದು ನೇರ ಬಂದಿದ್ದ.

"ಹದಿನಾರು ದಿನ ಆತು," ಎಂದಳು. ಬೇರೇನೋ ಹೇಳಬೇಕೆಂದಿದ್ದಳು, ಬಾಯಿಗೆ ಬಂದದ್ದು ಲೆಕ್ಕ.

"ಒಬ್ಬರ ರಜಾ ಮುಗಿಯೋದ್ರಾಗ ಇನ್ನೊಬ್ಬರು ಜ್ವರ ಬಂದು ಮಲಗಿದ್ರು. ಫೋನ್ ಮಾಡ್ದೆ, ನೀವು..."

"ಪರಸೂ ಬರ್ತೀನಿ ಅಂದಿದ್ರಿ!"

ಆಗಲೇ ಹೊಳೆಯಿತು ಅವನಿಗೆ. ಗಂಗಾರಾಮನ ಪರಸೂವನ್ನು ಹಿಡಿದವನು ತನ್ನ ಪರಸೂವನ್ನು ತಾನೇ ಹಿಡಿದಿರಲಿಲ್ಲ!

"ನೀವು ಎರಡು ದಿನ ಅಂತ ತಿಳಕೊಂಡ್ರೇನು...?"

"ಗುರುವಾರ ಇಡೀ ದಿನ ಗೇಟು ನೋಡೀನ್ರಿ." ಅವಳ ಕಣ್ಣು ತುಂಬಿ ಬಂತು. "ಶುಕ್ರವಾರ ಆ ಕಾಗದ ನೋಡ್ದೆ."

ಅವನ ಮುಖ ಸಪ್ಪಗಾಯಿತು. ಎದುರಿನ ಸ್ಟೂಲಿನ ಮೇಲೆ ಕುಳಿತ.

"ಅದನ್ನೇ ಹೇಳಾಕ ಬರ್ತೀನಿ ಅಂದಿದ್ದು. ನಿಮಗ ಹೇಳದ ಬರದು ಕೊಟ್ಟದ್ದು ತಪ್ಪು. ಬರದದ್ದು ತಪ್ಪಲ್ಲ."

"ಗೊತ್ತದ್ರಿ," ಎಂದಳು ಮೆಲ್ಲಗೆ.

"ಪೂರಾ ಗೊತ್ತಿಲ್ಲ. ಕೇಳ್ರಿ." ಅವನ ದನಿ ಇಳಿಯಿತು. "ನಾನು ಹೊಸಬ ಇದ್ದಾಗ, ತಾಂಡೂರಿನಾಗ, ಒಬ್ಬರು ವಯಸ್ಸಾದ ಮುತ್ಯಾಗ ಉಂಡಾರೋ ಇಲ್ಲೋ ಕೇಳದ ಸಕ್ಕರಿ ಬ್ಯಾನಿದು ಇನ್ಸುಲಿನ್ ಸೂಜಿ ಹಾಕಿಬಿಟ್ಟೆ. ತಾಸಿನಾಗ ಎಚ್ಚರ ತಪ್ಪಿದ್ರು. ಹೆಂಗೋ ಉಳಿದ್ರು. ಎಲ್ಲರೂ 'ನಮ್ಮ ಸಾಯಿ, ಹೊಸಬ, ಹೋಗ್ಲಿ ಬಿಡ್ರಿ' ಅಂದ್ರು. ಯಾರೂ ಏನೂ ಬರೀಲಿಲ್ಲ. ಎರಡು ತಿಂಗಳಾದ ಮ್ಯಾಲ ಅದೇ ತಪ್ಪು ಮತ್ತ ಮಾಡ್ದೆ. ಈ ಸಲ ಒಬ್ಬಾಕಿ ಮುದುಕಿ ಇದ್ಲು. ಆಕಿ ಮೂರು ದಿನ ಕಣ್ಣು ತೆರೀಲಿಲ್ಲ."

ಬ್ಯಾಗನ್ನು ಹೆಗಲಿನಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ಮೊದಲನೇ ಸಲ ಯಾರರ ನನ್ನ ಮ್ಯಾಲ ಎರಡು ಸಾಲು ಬರದಿದ್ರ ಎರಡನೇದು ಆಗ್ತಿದ್ದಿಲ್ಲ. ನಿಮ್ಮ ಮ್ಯಾಲ ಬರೀವಾಗ ಕೈ ನಡುಗಿತ್ತು ಮನಿಷಾ. ಬ್ಯಾರೆ ಯಾರದರ ಹೆಸರಿದ್ರ ನಡುಗ್ತಿದ್ದಿಲ್ಲ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮನಿಷಾಳ ಕೈಯಲ್ಲಿದ್ದ ಹತ್ತಿ ಮುದ್ದೆಯಾಯಿತು. ಇಷ್ಟು ದಿನದ ಮುಳ್ಳು ಎಲ್ಲಿ ಹೋಯಿತೋ! ತನ್ನನ್ನು ಕೈಬಿಟ್ಟನೆಂದುಕೊಂಡಿದ್ದಳು. ಕೈಬಿಡಬಾರದೆಂದೇ ಬರೆದವನು ಇವನು.

"ನಿನ್ನಿ ಬಾಳಮ್ಮನ ವಿಷಯ ಪಾರ್ವತಿ ಮೇಡಂ ಫೋನಿನಾಗ ಹೇಳಿದ್ರು," ಅವನು ಕಣ್ಣೆತ್ತಿದ. "ಹೊಲದಾಗ ಏನಿತ್ತು ಅಂತ ಕೇಳಿದ್ರಂತ. ಎಂಟು ವರ್ಷ ಆತು ಈ ಕೆಲಸಕ್ಕ ಬಂದು, ನನಗ ಹೊಳೀಲಿಲ್ಲ ನೋಡ್ರಿ. ಇನ್ನ ನೀವು ನನಗ ಕಲಸಬೇಕು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಒಂದು ಮಾತು ಹೇಳೋದದ ಅಂದಿದ್ರಿ. ಅದು ಈ ಕಾಗದದ ಮಾತೇ ಏನು?" ಹೊಸ ಚೂಡಿದಾರ ನೆನಪಾಗಿ ಅವಳ ಕಿವಿ ಕೆಂಪಾಯಿತು.

"ಎರಡಿದ್ದವು. ಒಂದು ಹೇಳ್ದೆ."

"ಇನ್ನೊಂದು?"

ಸೂಜಿಗೆ ಅಂಜದ ಕಲಹೇರಿನ ಕೈ ಬ್ಯಾಗಿನ ಪಟ್ಟಿಯನ್ನು ಸುಮ್ಮನೆ ಸುತ್ತುತ್ತಿತ್ತು.

"ನಮ್ಮವ್ವನ್ನ ಕರಕೊಂಡು... ಕಂಗ್ಟಿಗಿ, ನಿಮ್ಮ ಮನಿಗಿ ಬರ್ಲೇನು? ಪರಸೂ..."

"ಯಾವ ಪರಸೂ?" ಮನಿಷಾ ತಟ್ಟನೆ ತನ್ನ ಚಿಕ್ಕ ಪುಸ್ತಕ ತೆಗೆದಳು. ಮುಖದಲ್ಲಿ ನಗು ತಡೆದುಕೊಂಡಿದ್ದಳು. "ಆವಾಗ ಹೊಲದಾಗ ಏನಿರ್ತದ?"

ಅವನು ಒಂದು ಕ್ಷಣ ಬೆಪ್ಪಾದ. ಆಮೇಲೆ ಅರ್ಥವಾಗಿ ನೆಟ್ಟಗೆ ಕುಳಿತು, ರೋಗಿಯಂತೆ ವಿಧೇಯನಾಗಿ ಹೇಳಿದ.

"ಬಿಳಿಜೋಳ ನಿಂತಿರ್ತದ. ಇನ್ನಾ ಕೊಯ್ದಿರಾಂಗಿಲ್ಲ."

"ಯಾವ ವರ್ಷದ ಜೋಳ?"

"ಇದೇ ವರ್ಷದ್ದು!"

"ವಾರ ಹೇಳ್ರಿ."

"ಬರೋ ಐತವಾರ. ಮುಂಜಾನಿ ಹತ್ತಕ್ಕ."

ಅವಳು ತಲೆ ತಗ್ಗಿಸಿ ಭಾನುವಾರವೆಂದು ಒಂದೊಂದೇ ಅಕ್ಷರ ಬರೆದುಕೊಂಡಳು. ಅವನು ಆ ಪುಸ್ತಕವನ್ನೇ ನೋಡುತ್ತ ಕಾದ.

"ಒಪ್ಪಿಗಿ ಅದ ಅಂತ ತಿಳಕೊಳ್ಲೇನ್ರಿ ಸಿಸ್ಟರ್?"

"ಒಪ್ಪಿಗಿ ಇಲ್ಲದಾಕಿ ತಾರೀಖು ಯಾಕ ಕೇಳ್ತಾಳ್ರಿ?" ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. "ಮತ್ತ ಒಂದು ಮಾತು... ನಮ್ಮಪ್ಪನ ಮುಂದ ನನ್ನ ಸಿಸ್ಟರ್ ಅನ್ನಬ್ಯಾಡ್ರಿ."

ಅವನು ನಕ್ಕುಬಿಟ್ಟ. "ನೀವು ಬ್ರದರ್ ಅಂದುಬಿಟ್ರ?"

"ಆ ದಿನ ನಿಮ್ಮ ಕೈಗಿ ಸೂಜಿ ಹಚ್ಚಿದ ಮ್ಯಾಲ ಒಂದರ ಸಲ ಅಂದೀನೇನು? ನೆನಪು ಮಾಡಿಕೊಂಡು ಹೇಳ್ರಿ."

ಸಾಯಿಕುಮಾರ ನೆನಪು ಮಾಡಿಕೊಂಡ. ಅವನ ಕಣ್ಣುಗಳು ಮೆಲ್ಲಗೆ ಅರಳಿದವು.

"ಇಲ್ಲ," ಎಂದ.